ಲಾಳ ಪದೇ ಪದೇ ಕಳಚಿದರೆ ಮೊಳೆ ಜಾಸ್ತಿ ಹೊಡೆಸಬೇಡಿ

ಹುಮನಾಬಾದಿನ ಅಣ್ಣಾ, ಕುದುರೆಯ ಮುಂಗಾಲಿನ ಲಾಳ ಮೇಲಿಂದ ಮೇಲೆ ಕಿತ್ತು ಬರ್ತದೆ, ಇನ್ನೂ ಎರಡು ಮೊಳೆ ಹೊಡೆಸಲಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ತೂತು ಜಾಸ್ತಿಯಾದಷ್ಟೂ ಗೊರಸಿನ ಅಂಚು ಒಡೆಯುತ್ತದೆ, ಆಮೇಲೆ ಮೊಳೆ ಹಿಡಿಯಲು ಜಾಗವೇ ಇರುವುದಿಲ್ಲ.

ಮುಂದಿನ ಲಾಳವನ್ನು ಸಾಮಾನ್ಯವಾಗಿ ಕೀಳುವುದು ಹಿಂಗಾಲು. ಗೊರಸಿನ ತುದಿ ಉದ್ದ ಬೆಳೆದರೆ ಮುಂಗಾಲು ನೆಲದಿಂದ ಏಳುವುದು ತಡವಾಗುತ್ತದೆ. ಅಷ್ಟರಲ್ಲಿ ಹಿಂಗಾಲು ಬಂದು ಲಾಳದ ಹಿಂಬದಿಯನ್ನು ತುಳಿಯುತ್ತದೆ. ಹಾಗಾಗಿ ಲಾಳ ಗಟ್ಟಿಯಾಗಿ ಕಂಡರೂ 5-6 ವಾರಕ್ಕೊಮ್ಮೆ ಲಾಳ ಕಟ್ಟುವ ನಾಲಬಂದರನ್ನು ಕರೆಸಿ ಗೊರಸಿನ ತುದಿ ಕತ್ತರಿಸಿ ಮತ್ತೆ ಕಟ್ಟಿಸಿ. ಲಾಳದ ಹಿಂಬದಿ ಗೊರಸಿನಿಂದ ಹೊರಗೆ ಚಾಚಿದೆಯಾ ನೋಡಲು ಹೇಳಿ. ಆದರೆ ಲಾಳವನ್ನು ತೀರಾ ಗಿಡ್ಡ ಮಾಡಿಸಬೇಡಿ, ಹಿಮ್ಮಡಿಗೆ ಆಸರೆ ಬೇಕು.

ಜೊತೆಗೆ ಗೊರಸಿನ ಸುತ್ತ ಹಾಕುವ ರಬ್ಬರ್ ಬೆಲ್ ಬೂಟ್ ತರಿಸಿ. ಲಾಳದ ಹಿಂಬದಿ ಮುಚ್ಚುವಷ್ಟು ಇಳಿದಿರಬೇಕು. ಚರ್ಮ ಉಜ್ಜಿದೆಯಾ ಅಂತ ದಿನಾ ನೋಡಿ.

ನಮ್ಮ ಕಡೆಯ ಎರೆಮಣ್ಣು ಮಳೆಗಾಲದಲ್ಲಿ ಕಾಲನ್ನು ಹಿಡಿದು ಎಳೆಯುತ್ತದೆ, ಅಲ್ವಾ? ಒದ್ದೆಯಲ್ಲೇ ನಿಂತರೆ ಗೊರಸೂ ಮೆತ್ತಗಾಗುತ್ತದೆ. ಕುದುರೆ ಕಟ್ಟುವ ಜಾಗಕ್ಕೆ ಮೊರಂ (ಗರಸು ಮಣ್ಣು) ಹಾಕಿಸಿ.

ಒಂದು ಮಾತ್ರ ಮರೆಯಬೇಡಿ. ಅರ್ಧ ಕಿತ್ತ ಲಾಳದಲ್ಲಿ ಕುದುರೆಯನ್ನು ನಡೆಸಬೇಡಿ. ಮೊಳೆ ಅಂಗಾಲಿಗೆ ಚುಚ್ಚಿದರೆ ಧನುರ್ವಾಯು ಬರಬಹುದು, ಕುದುರೆಗೆ ಅದು ಬೇಗ ತಗಲುತ್ತದೆ. ಲಸಿಕೆ ಹಾಕಿಸಿದ್ದೀರಾ? ಇಲ್ಲವಾದರೆ ಈ ವಾರವೇ ಹಾಕಿಸಿ. ಕುಂಟುತ್ತಿದ್ದರೆ ಬೀದರಿನ ಪಶುವೈದ್ಯಕೀಯ ಕಾಲೇಜಿಗೆ ಕರೆದೊಯ್ಯಿರಿ, ನಿಮಗೆ ದೂರವೇನಲ್ಲ.