25 ಪ್ರತಿ ಕೊಟ್ರು, ಇನ್ನೇನಾದ್ರೂ ಸಿಗುತ್ತಾ?

ಪ್ರಶ್ನೆ: ನಮಸ್ಕಾರ ಸರ್. ನನ್ನ ಮೊದಲ ಕಥಾಸಂಕಲನ ಹೋದ ತಿಂಗಳು ಬಂತು. ಪ್ರಕಾಶಕರು ದುಡ್ಡೇನೂ ಇಲ್ಲ ಅಂತ 25 ಗೌರವ ಪ್ರತಿ ಕೊಟ್ರು, ಈಗ ಒಪ್ಪಂದದ ಪೇಪರ್ ಕಳಿಸಿದ್ದಾರೆ, ಇನ್ನೂ ಸೈನ್ ಹಾಕಿಲ್ಲ. ಬರೆದವರಿಗೆ ಬೇರೆ ಥರ ಏನಾದ್ರೂ ಸಿಗುತ್ತಾ?
– ಒಬ್ಬ ಶಿಕ್ಷಕಿ, ಹಾವೇರಿ

ಉತ್ತರ: ಮೊದಲ ಪುಸ್ತಕಕ್ಕೆ ಅಭಿನಂದನೆ ಮೇಡಂ. ಪ್ರತಿ ಕೊಟ್ಟು ಮುಗಿಸೋದು ನಮ್ಮಲ್ಲಿ ತುಂಬಾ ಇದೆ, ಅದು ಸರಿ ಅಂತ ನಾನು ಹೇಳಲ್ಲ. ಆದ್ರೆ ಆ 25ನ್ನೂ ನೆಂಟರಿಗೇ ಹಂಚಿಬಿಡಬೇಡಿ, ಬಹುಮಾನಗಳಿಗೆ ಕಳಿಸೋಕೆ ಪ್ರತಿ ಬೇಕಾಗುತ್ತೆ. ಕರ್ನಾಟಕ ಸಾಹಿತ್ಯ ಅಕಾಡೆಮಿಯ ಮಧುರಚೆನ್ನ ದತ್ತಿ ಬಹುಮಾನ ಇರೋದೇ ಲೇಖಕರ ಮೊದಲ ಕೃತಿಗೆ. ನಿಮಗೆ 35 ದಾಟಿಲ್ಲ ಅಂದ್ರೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಯುವ ಪುರಸ್ಕಾರನೂ ಇದೆ, 50,000 ರೂಪಾಯಿ.

ಇದೆಲ್ಲಕ್ಕಿಂತ ದೊಡ್ಡದು ಹಕ್ಕು. ಆ ಪೇಪರಲ್ಲಿ ‘ಎಲ್ಲಾ ಹಕ್ಕುಗಳು ಪ್ರಕಾಶಕರದ್ದು’ ಅಂತಿದ್ರೆ ದಯವಿಟ್ಟು ಹೊಡೆದು ಹಾಕ್ಸಿ, ಕನ್ನಡದಲ್ಲಿ ಮೊದಲ ಮುದ್ರಣ, ಇಷ್ಟು ಪ್ರತಿ, ಇಷ್ಟು ವರ್ಷ ಅಂತ ಮಾತ್ರ ಬರೆಸಿ. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಹಕ್ಕು ವರ್ಗಾವಣೆ ಬರವಣಿಗೆಯಲ್ಲೇ ಆಗ್ಬೇಕು, ಅವಧಿ ಬರೆದಿಲ್ಲ ಅಂದ್ರೆ 5 ವರ್ಷ ಅಂತ ಲೆಕ್ಕ. ಅನುವಾದ, ನಾಟಕ, ಸಿನಿಮಾ, ಆಡಿಯೋ, ಪಠ್ಯಪುಸ್ತಕ ಇವೆಲ್ಲ ನಿಮ್ಮ ಹತ್ರಾನೇ ಉಳೀಬೇಕು, ಯಾಕಂದ್ರೆ ಒಂದು ಕಥೆಗೆ ಎರಡನೇ ಜೀವ ಯಾವಾಗ ಬರುತ್ತೆ ಅಂತ ಯಾರಿಗೂ ಗೊತ್ತಿರಲ್ಲ, ಬಾನು ಮುಷ್ತಾಕ್ ಅವರು ವರ್ಷಗಟ್ಟಲೆ ಕನ್ನಡದಲ್ಲಿ ಬರೆದ ಕಥೆಗಳು ಇಂಗ್ಲಿಷಿಗೆ ಹೋಗಿದ್ದಕ್ಕೇ ತಾನೇ 2025ರಲ್ಲಿ ಇಂಟರ್‌ನ್ಯಾಷನಲ್ ಬುಕರ್ ಬಂದಿದ್ದು, 50,000 ಪೌಂಡ್, ಅವರಿಗೂ ಅನುವಾದಕಿ ದೀಪಾ ಭಾಸ್ತಿ ಅವರಿಗೂ ಸಮಪಾಲು. ಅಂದಹಾಗೆ ಹಕ್ಕು ನಿಮ್ಮ ನಂತರವೂ 60 ವರ್ಷ ಇರುತ್ತೆ, ಮಕ್ಕಳಿಗೆ ಹೋಗುತ್ತೆ.

ಇನ್ನು ಲೈಬ್ರರಿ. ಇದು ನನಗೆ ನಿಜವಾಗ್ಲೂ ಬೇಜಾರಿನ ವಿಷ್ಯ. ಬ್ರಿಟನ್ನಲ್ಲಿ 1979ರ ಕಾಯ್ದೆಯಿಂದಾಗಿ ಲೈಬ್ರರಿಯಲ್ಲಿ ಜನ ಪುಸ್ತಕ ಎರವಲು ಒಯ್ದ ಲೆಕ್ಕದ ಮೇಲೆ ಲೇಖಕರಿಗೆ ಸರ್ಕಾರನೇ ದುಡ್ಡು ಕೊಡುತ್ತೆ, ಒಬ್ಬರಿಗೆ ವರ್ಷಕ್ಕೆ ಹೆಚ್ಚಂದ್ರೆ 6,600 ಪೌಂಡ್. ನಮ್ಮಲ್ಲಿ ಅಂಥದ್ದಿಲ್ಲ. ಗ್ರಂಥಾಲಯ ಇಲಾಖೆ ಸಗಟು ಖರೀದಿ ಮಾಡಿದ್ರೆ ದುಡ್ಡು ಪ್ರಕಾಶಕರಿಗೆ ಹೋಗುತ್ತೆ, ಆಮೇಲೆ ನಿಮ್ಮ ಪುಸ್ತಕನ ನೂರು ಜನ ಮನೆಗೆ ಒಯ್ದು ಓದಿದ್ರೂ ನಿಮಗೆ ಒಂದು ಪೈಸೆ ಇಲ್ಲ. ಹೆಂಗೂ ಸೈನ್ ಹಾಕಿಲ್ವಲ್ಲ, ಸಗಟು ಖರೀದಿಗೆ ಹೋದ ಪ್ರತಿಗಳಿಗಾದ್ರೂ 10 ಪರ್ಸೆಂಟ್ ರಾಯಲ್ಟಿ ಅಂತ ಒಂದು ಸಾಲು ಸೇರಿಸೋಕೆ ಇವತ್ತೇ ಕೇಳಿ.