ಕೇಳಿದ್ದಕ್ಕೆ ಉತ್ತರ: ದಂಡ ಕಟ್ಟಿ ತಪ್ಪಿಸಿಕೊಂಡ ಬಿರುದು

ಪ್ರಶ್ನೆ: ರಾಜ ಹೆಗಲಿಗೆ ಖಡ್ಗ ಮುಟ್ಟಿಸಿ ನೈಟ್ ಮಾಡುವುದನ್ನು ಸಿನಿಮಾದಲ್ಲಿ ನೋಡಿದ್ದೇನೆ. ಆ ಬಿರುದು ಬೇಡ ಅಂದವರೂ ಇದ್ದರಾ?
– ಓದುಗರೊಬ್ಬರು, ಬೆಟಗೇರಿ

ಉತ್ತರ: ಇದ್ದರು, ಅದೂ ಜಾಸ್ತಿನೇ ಇದ್ದರು! ನೈಟ್ ಅಂದರೆ ಕುದುರೆ ಏರಿ ಕಾದುವ ಯೋಧನ ಬಿರುದು. 13ನೇ ಶತಮಾನದ ಇಂಗ್ಲೆಂಡಿನಲ್ಲಿ ಜಮೀನುದಾರರು ನೈಟ್ ಆಗುವುದನ್ನು ತಪ್ಪಿಸಿಕೊಂಡು ತಿರುಗುತ್ತಿದ್ದರು. ಮೊದಲ ಕಾರಣ ಖರ್ಚು. ಯುದ್ಧದ ಕುದುರೆ, ಕಬ್ಬಿಣದ ಸಣ್ಣ ಬಳೆ ಹೆಣೆದ ಅಂಗಿ, ತಲೆಗೆ ಕಬ್ಬಿಣದ ಟೋಪಿ, ಜೊತೆಗೊಬ್ಬ ಆಳು, ಅವನಿಗೂ ಒಂದು ಕುದುರೆ. ಎಲ್ಲಾ ಸ್ವಂತ ಗಂಟಿನಿಂದ. ಬಿರುದಿನ ದಿನದ ಬಟ್ಟೆ, ಊಟ ಬೇರೆ. ಹೊಲ ಅಡವಿಟ್ಟು ಮಗಳ ಮದುವೆ ಮಾಡಿದ ಹಾಗೆ.

ನನ್ನ ಕೇಳಿದರೆ ಅದಕ್ಕಿಂತ ದೊಡ್ಡ ಕಾಟ ಕೋರ್ಟಿನದು. ಜಮೀನಿನ ಹಕ್ಕಿನ ದೊಡ್ಡ ವ್ಯಾಜ್ಯ ಬಂದರೆ ನಾಲ್ಕು ಜನ ನೈಟರು ಸೇರಿ ಹನ್ನೆರಡು ನೈಟರನ್ನು ಆರಿಸಬೇಕು, ಆ ಹನ್ನೆರಡು ಜನ ಕೂತು ಯಾರದ್ದು ಸರಿ ಅಂತ ಹೇಳಬೇಕು. ನೈಟರು ಕಡಿಮೆಯಾದಷ್ಟೂ ಇದ್ದವರಿಗೇ ಮತ್ತೆ ಮತ್ತೆ ಬುಲಾವ್. ಧಾರವಾಡದ ಕೋರ್ಟ್ ಆವರಣದಲ್ಲಿ ಬುತ್ತಿ ಗಂಟು ಹಿಡಿದು ಕಾಯುವ ಸಾಕ್ಷಿದಾರರನ್ನು ನೋಡಿದ್ದೀರಲ್ವಾ? ಬಿರುದು ಕೊಟ್ಟು ಅಲ್ಲಿ ಕೂಡಿಸ್ತೀವಿ ಅಂದ್ರೆ ಯಾರು ಒಪ್ಪುತ್ತಾರೆ?

ರಾಜರೂ ಸುಮ್ನೆ ಬಿಡಲಿಲ್ಲ. ಜಮೀನಿನಿಂದ ವರ್ಷಕ್ಕೆ 20 ಪೌಂಡ್ ಬರುವವರು ನೈಟ್ ಆಗಲೇಬೇಕು, ಇಲ್ಲವೇ ದಂಡ ಕಟ್ಟಬೇಕು ಅಂದ ಮೂರನೇ ಹೆನ್ರಿ. ಎಷ್ಟೋ ಜನ ದಂಡ ಕಟ್ಟಿ ಕೈತೊಳೆದುಕೊಂಡರು. 1630ರಲ್ಲಿ ಒಂದನೇ ಚಾರ್ಲ್ಸ್ ಇದೇ ಹಳೇ ಪದ್ಧತಿಯ ದೂಳು ಕೊಡವಿದ. 40 ಪೌಂಡ್ ಆದಾಯದವರು ತನ್ನ ಪಟ್ಟಾಭಿಷೇಕಕ್ಕೆ ಬಂದು ನೈಟ್ ಆಗಲಿಲ್ಲ ಅಂತ ವಸೂಲಿಗೆ ಇಳಿದ. ಪಟ್ಟಾಭಿಷೇಕ ಮುಗಿದು ನಾಲ್ಕು ವರ್ಷವಾಗಿತ್ತು! 1641ರಲ್ಲಿ ಪಾರ್ಲಿಮೆಂಟ್ ಇದನ್ನು ರದ್ದು ಮಾಡಿತು.

ಅಂದಹಾಗೆ, ಖಡ್ಗ ಮುಟ್ಟಿಸುವುದು ಆಮೇಲೆ ಬಂದ ನಯ. ಮೊದಲೆಲ್ಲ ಕುತ್ತಿಗೆಗೆ ಕೈಯಿಂದಲೇ ಒಂದು ಏಟು ಬೀಳುತ್ತಿತ್ತು.

ಪ್ರಶ್ನೆ: ನಮ್ಮ ಹುಬ್ಬಳ್ಳಿಯವರನ್ನು 'ಸರ್ ಸಿದ್ದಪ್ಪ ಕಂಬಳಿ' ಅಂತೀವಿ. 'ಸರ್ ಕಂಬಳಿ' ಅಂದ್ರೆ ತಪ್ಪಾ?
– ಓದುಗರೊಬ್ಬರು, ಹಳೇ ಹುಬ್ಬಳ್ಳಿ

ಉತ್ತರ: ತಪ್ಪೇ. ನೈಟ್ ಆದವರ ಹೆಸರಿನ ಮುಂದೆ ಹಾಕುವ 'ಸರ್' ಆ ಒಬ್ಬ ವ್ಯಕ್ತಿಗೆ ಸಿಕ್ಕಿದ್ದು, ಮನೆತನಕ್ಕಲ್ಲ. ಹಾಗಾಗಿ ಅವರ ಸ್ವಂತ ಹೆಸರಿಗೇ ಅಂಟಬೇಕು: ಸರ್ ಸಿದ್ದಪ್ಪ. ನೈಟ್ ಬಿರುದು ಮಗನಿಗೆ ಬರುವುದಿಲ್ಲ. ಹೆಂಡತಿಗೆ ಮಾತ್ರ ಅಡ್ಡಹೆಸರು ಹಿಡಿದು 'ಲೇಡಿ ಕಂಬಳಿ' ಅನ್ನುವುದು ರೂಢಿ.