ಅಜ್ಜಿಯ ಕಥೆಗೆ ಕ್ವಾಂಟಮ್ ಬೇಡ

ಆತ್ಮೀಯರೇ,

ನೀವು ‘ವಿಜ್ಞಾನ ಕಥೆ’ ಎಂದು ಬರೆದು ಕಳುಹಿಸಿದ ಹಸ್ತಪ್ರತಿಯನ್ನು ಎರಡು ಸಲ ಓದಿದೆ. ಮಾರಿಕುಪ್ಪಂನ ಹುಡುಗ ಕೋಲಾರದ ಚಿನ್ನದ ಗಣಿಗಳಲ್ಲೊಂದಾದ, ಈಗ ಮುಚ್ಚಿರುವ ಚಾಂಪಿಯನ್ ರೀಫ್‌ನ ತಳಕ್ಕಿಳಿದು ನೀಲಿ ಕಲ್ಲೊಂದನ್ನು ತರುತ್ತಾನೆ. ಅವನ ಅಜ್ಜಿ ಅದನ್ನು ಕೋಲಾರದ ಬೆಟ್ಟದ ಮೇಲಿನ ಅಂತರಗಂಗೆಗೆ ಒಯ್ಯುತ್ತಾಳೆ. ಅಲ್ಲಿನ ಬತ್ತಿದ್ದ ಕಲ್ಲಿನ ಬಸವನ ಬಾಯಿಂದ ನೀರು ಹರಿದು ಕೋಲಾರದ ಕೆರೆಗಳೆಲ್ಲ ತುಂಬುತ್ತವೆ. ಈಗಿರುವಂತೆ ಇದನ್ನು ಪ್ರಕಟಿಸಲಾರೆ.

ಒಂಬತ್ತನೇ ಪುಟಕ್ಕೆ ಬನ್ನಿ. ಅಜ್ಜಿ ಸೆರಗಿನ ತುದಿಯಿಂದ ಕಲ್ಲಿನ ಬಸವನ ಒಣಗಿದ ತುಟಿ ಒರೆಸಿ, ‘ನಿನಗೂ ಬಾಯಾರಿತೇನಪ್ಪ?’ ಎನ್ನುತ್ತಾಳೆ. ಅಲ್ಲಿ ನಾನು ಓದುವುದನ್ನು ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಮುಂದಿನ ಸಾಲಿಗೇ ನೀವು ‘ಕ್ವಾಂಟಮ್ ಕಂಪನದಿಂದ ಜಲದ ಅಣುಗಳು ಜಾಗೃತವಾದವು’ ಎಂದು ಬರೆದುಬಿಟ್ಟಿದ್ದೀರಿ. ಅಜ್ಜಿಯ ಮಾತನ್ನು ನಂಬಿದ್ದ ಓದುಗನಿಗೆ ಈ ವಾಕ್ಯದಿಂದ ಏನೂ ತಿಳಿಯುವುದಿಲ್ಲ. ನಂಬಿಕೆ ಮಾತ್ರ ಹೋಗುತ್ತದೆ. ನಿಮಗೆ ಅಜ್ಜಿಯ ಬಗ್ಗೆ ಏನೋ ಸಂಕೋಚ, ಅದಕ್ಕೇ ವಿಜ್ಞಾನದ ಶಾಲು ಹೊದಿಸಿದ್ದೀರಿ ಅನ್ನಿಸಿತು. ಫ್ಯಾಂಟಸಿ ಕೀಳೂ ಅಲ್ಲ, ವಿಜ್ಞಾನ ಕಥೆ ಮೇಲೂ ಅಲ್ಲ.

ಯಂತ್ರ ಬಂದರೆ ವಿಜ್ಞಾನ ಕಥೆ, ಮಂತ್ರ ಬಂದರೆ ಫ್ಯಾಂಟಸಿ ಎನ್ನುವುದು ಮೇಲುನೋಟದ ಲೆಕ್ಕ. ‘ಇದು ಹೇಗೆ ಸಾಧ್ಯ?’ ಎಂದು ಓದುಗ ಕೇಳಿದಾಗ ವಿಜ್ಞಾನ ಕಥೆ ನಮ್ಮ ಈ ಜಗತ್ತಿನ ನಿಯಮಗಳಿಗೆ ತಲೆಬಾಗಿಯೇ ಉತ್ತರ ಕೊಡಬೇಕು. ಊಹೆ ಎಷ್ಟು ದೂರ ಹೋದರೂ ಸರಿ, ದಾರಿ ಕಾಣಬೇಕು. ನಿಮ್ಮ ಹುಡುಗ ಲಿಫ್ಟಿನ ಗುಂಡಿ ಒತ್ತಿ ತಳ ಸೇರುತ್ತಾನೆ. ಆದರೆ ಆ ಗಣಿಗಳು ಮುಚ್ಚಿದ್ದು 2001ರ ಫೆಬ್ರುವರಿಯಲ್ಲಿ. ಪಂಪುಗಳು ನಿಂತ ಮೇಲೆ ಒಳಗೆಲ್ಲ ನೀರು ತುಂಬಿಕೊಂಡಿದೆ. ಚಾಂಪಿಯನ್ ರೀಫ್‌ನ ಆಳ 3 ಕಿಲೋಮೀಟರಿಗೂ ಹೆಚ್ಚು. ತಳದ ಬಂಡೆಯ ಶಾಖ 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು. ಕಾರ್ಮಿಕರಿಗಾಗಿ ತಂಪು ಮಾಡಿದ ಗಾಳಿಯನ್ನು ಕೆಳಗೆ ಕಳುಹಿಸಬೇಕಾಗುತ್ತಿತ್ತು. ನೀವು ಅಡ್ಡಿ ಎಂದು ದಾಟಿಹೋದ ಇವೆಲ್ಲ ವಿಜ್ಞಾನ ಕಥೆಗೆ ಬಂಗಾರದಂಥ ಸರಕು. ಕೆರೆಗಳು ಬತ್ತಿದ ಜಿಲ್ಲೆಯ ಹೊಟ್ಟೆಯೊಳಗೆ ಅಷ್ಟು ನೀರು! ಅದನ್ನು ಎತ್ತುವವರು ಯಾರು, ಅದರಲ್ಲಿ ಏನೇನು ಕರಗಿದೆ, ಕುಡಿದವರಿಗೆ ಏನಾಗುತ್ತದೆ? ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೊ ಎಂಬ ಅತಿ ಸೂಕ್ಷ್ಮ ಕಣಗಳ ಸುಳಿವು 1965ರಲ್ಲಿ ಸಿಕ್ಕಿದ್ದೂ ಈ ಗಣಿಯೊಳಗೇ, 2 ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ. ಮೇಲಿನ ಬಂಡೆ ಉಳಿದ ಕಣಗಳನ್ನು ತಡೆದು ಜರಡಿಯಂತೆ ಕೆಲಸ ಮಾಡಿತ್ತು. ನೀಲಿ ಕಲ್ಲಿಗಿಂತ ಆ ಜರಡಿ ನನಗೆ ದೊಡ್ಡ ಅದ್ಭುತವಾಗಿ ಕಾಣುತ್ತದೆ.

ಫ್ಯಾಂಟಸಿಗೆ ಈ ಲೆಕ್ಕ ಒಪ್ಪಿಸುವ ಹೊಣೆಯಿಲ್ಲ. ಅಂತರಗಂಗೆಯ ನೀರು ಕಾಶಿಯಿಂದ ಬರುತ್ತದೆ ಎಂದು ಅಜ್ಜಿ ನಂಬಿದರೆ ಕಾಶಿಯಿಂದಲೇ ಬರಲಿ. ಆದರೆ ಅಲ್ಲಿಯೂ ಕಟ್ಟುಪಾಡು ಇದೆ. ಅದನ್ನು ನೀವೇ ಹಾಕಿ ನೀವೇ ಮುರಿದಿದ್ದೀರಿ. ಹನ್ನೆರಡನೇ ಪುಟದಲ್ಲಿ ಟ್ಯಾಂಕರ್ ಮಾಲೀಕ ಅದೇ ಕಲ್ಲನ್ನು ಕದ್ದು ತನ್ನ ಬತ್ತಿದ ಬೋರ್‌ವೆಲ್‌ಗೆ ಎಸೆಯುತ್ತಾನೆ, ಅವನಿಗೂ ನೀರು ಸಿಗುತ್ತದೆ. ಹಾಗಾದರೆ ಬಸವ ಒಲಿದದ್ದು ಕಲ್ಲಿಗೋ, ಬಾಯಾರಿತೇ ಎಂದು ಕೇಳಿದ ಅಜ್ಜಿಗೋ? ಇದನ್ನು ತೀರ್ಮಾನಿಸದೆ ಕಥೆ ನಿಲ್ಲುವುದಿಲ್ಲ.

ಗಣಿಯ ನೀರಿನ ಕಥೆಯನ್ನು ಬೇರೆಯೇ ಬರೆಯಿರಿ. ಗಣಿಯಲ್ಲಿ ದುಡಿದ ಹಿರಿಯರ ಜೊತೆ ನಾಲ್ಕು ದಿನ ಕುಳಿತು ಕೇಳಿಕೊಂಡು ಬರೆಯಿರಿ. ಮೊದಲು ನನಗೆ ಅಜ್ಜಿಯ ಕಥೆ ಬೇಕು. ನೀಲಿ ಕಲ್ಲನ್ನು ಪೂರ್ತಿ ತೆಗೆದುಬಿಡಿ. ಟ್ಯಾಂಕರ್ ಮಾಲೀಕ ಇರಲಿ. ಆದರೆ ಅವನು ಬೆಟ್ಟ ಹತ್ತಿ ಅದೇ ಬಸವನ ಮುಂದೆ ಕೊಡ ಹಿಡಿದು ನಿಲ್ಲಲಿ. ಆಗ ಏನಾಗುತ್ತದೆ ಎಂಬುದನ್ನು ಬರೆದು ಯುಗಾದಿಯೊಳಗೆ ಕಳುಹಿಸಿ, ಕಾಯುತ್ತಿರುತ್ತೇನೆ.

ನಿಮ್ಮ,
ಸಂಪಾದಕ
ಕೋಲಾರ